ಸಾವಿರಕ್ಕೆ ಎಷ್ಟು?

ಕಳೆದ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಜೋರು ಮಳೆ ಹಿಡಿಯಿತು. ಕರೆಂಟು ಹೋಯಿತು. ನಾನು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಇನ್ಫೋಸಿಸ್‌ನ 2024-25ರ ವಾರ್ಷಿಕ ವರದಿ ಓದುತ್ತಿದ್ದೆ. ನನ್ನ ಹತ್ತಿರ ಅವರ ಹತ್ತಿಪ್ಪತ್ತು ಷೇರು ಉಂಟು, ಅದಕ್ಕಾಗಿ ವರದಿ ಇಮೇಲಿಗೆ ಬರುತ್ತದೆ. ಬೇರೆ ಯಾರೂ ಓದದ ಪುಟಗಳನ್ನು ಓದುವುದು ನನ್ನ ಚಟ. ಸಂಬಳದ ಪುಟವಂತೂ ಬಿಡುವುದೇ ಇಲ್ಲ.

ಅಮ್ಮ ಪಕ್ಕದಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು. "ಎಂತ ಅಷ್ಟು ಓದುವುದು?" ಅಂತ ಕೇಳಿದರು.

"ಇಲ್ಲಿ ಮುಡಿಪುವಿನಲ್ಲಿ ಕ್ಯಾಂಪಸ್ ಉಂಟಲ್ಲ, ಆ ಕಂಪನಿಯ ದೊಡ್ಡವರಿಗೆ ವರ್ಷಕ್ಕೆ ಎಷ್ಟು ಸಿಕ್ಕಿತು ಅಂತ."

"ಎಷ್ಟಂತೆ?"

"80 ಕೋಟಿ ಚಿಲ್ಲರೆ."

ಅಮ್ಮ ಒಂದು ಬೀಜ ಸುಲಿದು ಪಾತ್ರೆಗೆ ಹಾಕಿದರು. ಇನ್ನೊಂದು ಸುಲಿದರು. ಆಮೇಲೆ ಕೇಳಿದರು, "ಹಾಗಾದ್ರೆ ಸಾವಿರಕ್ಕೆ ಎಷ್ಟು ಬಿತ್ತು?"

"ಎಂತದರ ಸಾವಿರ ಅಮ್ಮಾ?"

"ಅದನ್ನೇ ನಾನು ಕೇಳುವುದು. ಅವರು ಕಟ್ಟುವುದು ಎಂತ?"

ನಗು ಬಂತು, ನಕ್ಕೆ. ಅಮ್ಮ ನಗಲಿಲ್ಲ. ಅವರಿಗೆ ಅದು ತಮಾಷೆಯ ಪ್ರಶ್ನೆ ಆಗಿರಲಿಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿಗೆ 31 ವರ್ಷ ಬೀಡಿ ಕಟ್ಟಿದವರು ಅವರು. ಯಾರ ಸಂಬಳ ಕೇಳಿದರೂ ಮೊದಲು ಎಣಿಸುವುದು ಸಾವಿರಕ್ಕೆ ಎಷ್ಟು ಅಂತಲೇ. ಆವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಹೈಟೆಕ್ ಕಂಪನಿಯ ಮೇಲಿನವರಿಗೆ ಕೊಡುವ ದುಡ್ಡನ್ನು ಯಾವುದರ ಮೇಲೆ ಎಣಿಸುತ್ತಾರೆ? ಎಷ್ಟು ದಿನಕ್ಕೊಮ್ಮೆ ಎಣಿಸುತ್ತಾರೆ? ಹೊಸದು ಏನಾದರೂ ಹುಟ್ಟುತ್ತದೋ ಇಲ್ಲವೋ ಅನ್ನುವುದು ಮೊತ್ತಕ್ಕಿಂತ ಜಾಸ್ತಿ ಈ ಎಣಿಕೆಯಲ್ಲೇ ತೀರ್ಮಾನ ಆಗುತ್ತದೆ ಅಂತ ನನಗೆ ಅನಿಸಲು ಶುರುವಾಗಿ ಕೆಲವು ವರ್ಷಗಳಾದವು.

ಮೊದಲು ಆ ಪುಟದ ವಿಷಯ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 197ನೇ ಸೆಕ್ಷನ್ ಪ್ರಕಾರ, ಷೇರು ಮಾರುಕಟ್ಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ನಿರ್ದೇಶಕರ ಸಂಬಳ ನೌಕರರ ಮೀಡಿಯನ್ ಸಂಬಳದ ಎಷ್ಟು ಪಟ್ಟು ಅಂತ ಬರೆಯಲೇಬೇಕು. ಎಲ್ಲಾ ನೌಕರರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿ ನಡುವೆ ಯಾರು ನಿಲ್ಲುತ್ತಾರೋ ಅವರದ್ದು ಮೀಡಿಯನ್. ನಮ್ಮ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಪಟ್ಟು ನೂರರ ಲೆಕ್ಕದಲ್ಲಿ ಇರುತ್ತದೆ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತು ಉಂಟು. ಎಲ್ಲಾ ನಿರ್ದೇಶಕರಿಗೆ ಸೇರಿ ಕೊಡುವ ಒಟ್ಟು ದುಡ್ಡು ನಿವ್ವಳ ಲಾಭದ 11 ಶೇಕಡಾ ದಾಟಬಾರದು, ಒಬ್ಬರೇ ಎಂಡಿ ಇದ್ದರೆ ಅವರಿಗೆ 5 ಶೇಕಡಾ. ಷೇರುದಾರರು ಸಭೆಯಲ್ಲಿ ಒಪ್ಪಿದರೆ ಅದನ್ನೂ ದಾಟಬಹುದು. ಗಮನಿಸಿ, ಇಲ್ಲಿಯೂ ಅಳತೆಗೋಲು ಆ ವರ್ಷದ ಲಾಭವೇ.

ಇನ್ಫೋಸಿಸ್ ಸಿಇಒನ ಆ 80 ಕೋಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಷೇರಿನ ಲೆಕ್ಕ, ನಿಗದಿ ಸಂಬಳ ಸಣ್ಣ ಪಾಲು. ಪೇಪರಿನವರು ಒಟ್ಟು ಮೊತ್ತ ಹಾಕುತ್ತಾರೆ, ನಾವು ಬಾಯಿ ಬಿಟ್ಟು ನೋಡುತ್ತೇವೆ. ಅದರ ಪಕ್ಕದಲ್ಲೇ ಹೊಸದಾಗಿ ಸೇರುವ ಇಂಜಿನಿಯರ್‌ಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಅದೂ ಹತ್ತು ಹದಿನೈದು ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ. ಹೊಟ್ಟೆ ಉರಿಯುತ್ತದೆ, ಹೌದು. ನನಗೂ ಉರಿಯುತ್ತದೆ. ಆದರೆ ಇವತ್ತು ಬರೆಯಲು ಕೂತದ್ದು ಹೊಟ್ಟೆಉರಿಯ ಬಗ್ಗೆ ಅಲ್ಲ.

ಬೀಡಿಗೆ ಬರುತ್ತೇನೆ.

ನಾನು ಸಣ್ಣವಳಿರುವಾಗ ನಮ್ಮ ಮನೆಯಲ್ಲಿ ರಾತ್ರಿ ಬೀಡಿ ಎಲೆ ನೀರಿಗೆ ಹಾಕಿ, ನೀರು ಬಸಿದು ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಬೆಳಿಗ್ಗೆ ಅಮ್ಮ ತಗಡಿನ ಅಚ್ಚು ಎಲೆಯ ಮೇಲಿಟ್ಟು ಕತ್ತರಿಯಲ್ಲಿ ಒಂದೊಂದೇ ಕತ್ತರಿಸುತ್ತಿದ್ದರು. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಎಲೆಯ ಮೇಲೆ ಚಿಟಿಕೆ ಪುಡಿ ಉದುರಿಸಿ, ಸುತ್ತಿ, ತುದಿ ಮಡಚಿ, ನೂಲು ಎರಡು ಸುತ್ತು ಹಾಕಿ ಎಳೆದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿಯವರು ಒಂದೊಂದು ಕಟ್ಟನ್ನೂ ತಿರುಗಿಸಿ ನೋಡಿ, ಸಡಿಲ ಇದ್ದದ್ದನ್ನು ಪಕ್ಕಕ್ಕೆ ಇಡುತ್ತಿದ್ದರು. ಅದಕ್ಕೆ ದುಡ್ಡಿಲ್ಲ. ಎಲೆ, ಪುಡಿ ಎರಡೂ ತೂಕ ಮಾಡಿ ಕೊಡುವುದು. ಇಷ್ಟು ಎಲೆಗೆ ಇಷ್ಟು ಬೀಡಿ ಬರಲೇಬೇಕು. ಎಲೆ ಹರಿದರೆ, ತೂತು ಬಿದ್ದರೆ ಅದು ಕಟ್ಟುವವಳ ತಲೆಗೆ. ಕಡಿಮೆ ಬಿದ್ದ ಎಲೆಯನ್ನು ನಮ್ಮದೇ ದುಡ್ಡು ಕೊಟ್ಟು ತರಬೇಕಿತ್ತು.

ಪಕ್ಕದ ಮನೆಗೆ ಬಂಟ್ವಾಳ ಕಡೆಯಿಂದ ಮದುವೆಯಾಗಿ ಬಂದ ಒಬ್ಬರು ಅಕ್ಕ ಇದ್ದರು. ಅವರು ಮೂರು ಎಲೆ ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕತ್ತರಿಸುತ್ತಿದ್ದರು. ಎಲೆಯ ನರ ಒಂದೇ ದಿಕ್ಕಿಗೆ ಬರುವ ಹಾಗೆ ಜೋಡಿಸುವುದರಲ್ಲಿ ಇದ್ದದ್ದು ಅದರ ಗುಟ್ಟು. ಅಮ್ಮನಿಗೆ ತೋರಿಸಿಕೊಟ್ಟರು. ಅಮ್ಮ ಎರಡು ದಿನ ಪ್ರಯತ್ನ ಮಾಡಿದರು. ಮೊದಲ ದಿನ ಕೆಳಗಿನ ಎಲೆ ಹರಿಯಿತು. ಎರಡನೆಯ ದಿನ ಅಂಚು ಓರೆ ಆಯಿತು. ದಿನಕ್ಕೆ ಎಂಟು ನೂರು ಕಟ್ಟುವ ಕೈ ಐನೂರಕ್ಕೆ ಇಳಿಯಿತು. ಮೇಲಿಂದ ಎಲೆ ಬೇರೆ ಖರೀದಿ ಮಾಡಬೇಕಾಯಿತು. ಮೂರನೆಯ ದಿನ ಅಮ್ಮ ಪುನಃ ಒಂದೊಂದೇ ಕತ್ತರಿಸಲು ಶುರು ಮಾಡಿದರು.

"ಒಂದು ವಾರ ಕಲಿತಿದ್ದರೆ ಕೈಗೆ ಬರುತ್ತಿತ್ತು ಅಲ್ವಾ?" ಅಂತ ಈಗ ಕೇಳಿದರೆ, "ಆ ವಾರದ ಅಕ್ಕಿ ನಿನ್ನ ಅಜ್ಜ ತರುತ್ತಿದ್ದರಾ?" ಅನ್ನುತ್ತಾರೆ.

ಅಮ್ಮನಿಗೆ ಬುದ್ಧಿ ಇರಲಿಲ್ಲವಾ? ಇತ್ತು. ಆಸೆಯೂ ಇತ್ತು. ಆದರೆ ಪ್ರತಿ ಸಂಜೆ ಎಣಿಸಿ ಕೊಡುವ ಕೂಲಿಯಲ್ಲಿ ಹೊಸದು ಕಲಿಯಲು ಜಾಗವೇ ಇಲ್ಲ. ಕಲಿಯುವ ಖರ್ಚು ಪೂರ್ತಿ ಅವರದ್ದು, ಲಾಭ ಮಾತ್ರ ಯಾವತ್ತೋ ಮುಂದೆ.

ಇದನ್ನೇ ಅಮೆರಿಕದಲ್ಲಿ ಫ್ಲೋರಿಯನ್ ಎಡರರ್, ಗುಸ್ತಾವೊ ಮಾನ್ಸೊ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿಯೇ ನೋಡಿದರು. 2013ರಲ್ಲಿ ಅದು ಪ್ರಕಟವಾಯಿತು. ಅವರ ಪ್ರಯೋಗ ನನಗೆ ತುಂಬಾ ಇಷ್ಟ, ಯಾಕೆಂದರೆ ಅದು ಲಿಂಬೆ ಶರಬತ್ತಿನ ಅಂಗಡಿ. ಜನರನ್ನು ಕಂಪ್ಯೂಟರ್ ಎದುರು ಕೂರಿಸಿ, ನಿಮಗೊಂದು ಶರಬತ್ತಿನ ಗಾಡಿ ಉಂಟು, 20 ಸುತ್ತು ವ್ಯಾಪಾರ ಮಾಡಿ ಅಂದರು. ಗಾಡಿ ಎಲ್ಲಿ ಇಡಬೇಕು, ಸಕ್ಕರೆ ಎಷ್ಟು, ಲಿಂಬೆ ಎಷ್ಟು, ಬಣ್ಣ ಯಾವುದು, ಬೆಲೆ ಎಷ್ಟು, ಎಲ್ಲಾ ಅವರೇ ತೀರ್ಮಾನಿಸಬೇಕು. ಜಾಗ ಮೂರು: ಆಫೀಸುಗಳಿರುವ ಪೇಟೆ, ಶಾಲೆ, ಸ್ಟೇಡಿಯಂ. ಜೊತೆಗೆ ಹಿಂದಿನ ಮ್ಯಾನೇಜರ್ ಬರೆದಿಟ್ಟ ಒಂದು ಪತ್ರ. ನಾನು ಪೇಟೆಯಲ್ಲಿ ಹೀಗೆ ಹೀಗೆ ಮಾಡಿ ಇಷ್ಟು ಲಾಭ ಮಾಡಿದೆ ಅಂತ. ನಮ್ಮ ಲೆಕ್ಕದಲ್ಲಿ, ಮಂಗಳೂರು ಪೇಟೆಯ ಹಂಪನಕಟ್ಟೆಯಲ್ಲಿ ನಿಂತರೆ ದಿನದ ಖರ್ಚಿಗೆ ಮೋಸ ಇಲ್ಲ ಅನ್ನುವ ಹಾಗೆ. ಆದರೆ ನಿಜವಾದ ದೊಡ್ಡ ಲಾಭ ಇದ್ದದ್ದು ಶಾಲೆಯ ಹತ್ತಿರ. ಅದೂ ಪೂರ್ತಿ ಬೇರೆ ರುಚಿಯ ಶರಬತ್ತಿಗೆ. ಅದನ್ನು ಕಂಡುಹಿಡಿಯಬೇಕಾದರೆ ಕೆಲವು ಸುತ್ತು ಕೈ ಸುಟ್ಟುಕೊಳ್ಳಲೇಬೇಕು.

ಒಂದು ಗುಂಪಿಗೆ ಏನೇ ಆಗಲಿ ಇಷ್ಟೇ ಅಂತ ನಿಗದಿ ಸಂಬಳ. ಇನ್ನೊಂದಕ್ಕೆ 20 ಸುತ್ತಿನ ಲಾಭದಲ್ಲೂ ಅರ್ಧ ಪಾಲು. ಮೂರನೆಯ ಗುಂಪಿಗೆ ಕೊನೆಯ 10 ಸುತ್ತಿನ ಲಾಭದಲ್ಲಿ ಮಾತ್ರ ಅರ್ಧ. ಮೊದಲ 10ರಲ್ಲಿ ಏನು ಮಾಡಿದರೂ ಯಾರೂ ಕೇಳುವುದಿಲ್ಲ. ಶಾಲೆಯ ದಾರಿ ಹಿಡಿದವರು ಜಾಸ್ತಿ ಯಾರು ಅಂದರೆ ಮೂರನೆಯ ಗುಂಪಿನವರು. ಮೊದಲಿನಿಂದಲೂ ಪಾಲು ಸಿಗುತ್ತಿದ್ದವರು ಪೇಟೆಯಲ್ಲೇ ನಿಂತು ಸಕ್ಕರೆ ಒಂಚೂರು ಹೆಚ್ಚು, ಒಂಚೂರು ಕಡಿಮೆ ಮಾಡುತ್ತಾ ಕಾಲ ಕಳೆದರು. ನಿಗದಿ ಸಂಬಳದವರಿಗಿಂತಲೂ ಇವರು ಹುಡುಕಿದ್ದು ಕಡಿಮೆ. ನಮ್ಮ ಅಮ್ಮ ಒಂದೊಂದೇ ಎಲೆ ಕತ್ತರಿಸಿದ ಹಾಗೆ.

ಇದರ ಎರಡನೇ ಭಾಗ ಇನ್ನೂ ಮಜಾ. ಮೊದಲ ಅರ್ಧದಲ್ಲಿ ಲಾಭ ಕಡಿಮೆಯಾದರೆ ಕೆಲಸದಿಂದ ತೆಗೆಯುತ್ತೇವೆ ಅಂತ ಹೆದರಿಸಿದರೆ ಜನ ಹುಡುಕುವುದನ್ನು ಕಡಿಮೆ ಮಾಡಿದರು. ತೆಗೆದರೂ ಕೈಗೆ ಒಂದಿಷ್ಟು ದುಡ್ಡು ಕೊಡುತ್ತೇವೆ ಅಂದಾಗ ಆ ಹೆದರಿಕೆಯ ಪೆಟ್ಟು ತಗ್ಗಿತು. ಇಂಗ್ಲಿಷಿನವರು ಗೋಲ್ಡನ್ ಪ್ಯಾರಾಚೂಟ್ ಅನ್ನುವುದು ಇದಕ್ಕೇ. ಬಿದ್ದರೆ ನೋವಾಗದ ಹಾಗೆ ಕೆಳಗೆ ಹಾಸಿಗೆ ಹಾಸಿಡುವುದು. ಸಿಇಒಗಳು ಕಂಪನಿ ಮುಳುಗಿಸಿ ಹೋಗುವಾಗಲೂ ಕೋಟಿ ಕೋಟಿ ತೆಗೆದುಕೊಂಡು ಹೋಗುತ್ತಾರೆ ಅಂತ ನಾವು ಬೈಯುತ್ತೇವಲ್ಲ, ಅದಕ್ಕೆ ಒಂದು ಅರ್ಥ ಇರಬಹುದು ಅಂತ ನನಗೆ ಮೊದಲ ಸಲ ಅನಿಸಿದ್ದು ಇದನ್ನು ಓದಿದಾಗ. ಬೈಯುವುದನ್ನು ಮಾತ್ರ ಬಿಡಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಹಿಂದೆ ಇದ್ದ ಕಂಪನಿಯ ಹೆಸರು ಬೇಡ. ಮಂಗಳೂರಿನಲ್ಲಿ ಅದರದ್ದೊಂದು ಸಣ್ಣ ಆಫೀಸು. ಸೆನ್ಸರ್, ಅದರ ಸಾಫ್ಟ್‌ವೇರ್, ಇಂಥದ್ದು ಮಾಡುತ್ತಿದ್ದೆವು. ನಮ್ಮ ತಂಡದ ಇಬ್ಬರಿಗೆ, ಒಬ್ಬ ಕುಂದಾಪುರದ ಹುಡುಗ, ಇನ್ನೊಬ್ಬಳು ಕಾರ್ಕಳದವಳು, ಒಂದು ಯೋಚನೆ ಬಂತು. ಮೀನಿನ ಐಸ್ ಬಾಕ್ಸಿನ ಒಳಗೆ ಒಂದು ಸಣ್ಣ ಸೆನ್ಸರ್ ಇಟ್ಟು, ಬೋಟಿನಿಂದ ದಕ್ಕೆಗೆ, ದಕ್ಕೆಯಿಂದ ಲಾರಿಗೆ, ಲಾರಿಯಿಂದ ಫ್ಯಾಕ್ಟರಿಗೆ ಹೋಗುವವರೆಗೆ ಎಲ್ಲಿ ಎಷ್ಟು ಬಿಸಿ ಏರಿತು ಅಂತ ದಾಖಲೆ ಮಾಡುವುದು. ಮೀನು ರಫ್ತು ಮಾಡುವವರಿಗೆ ಅದು ಬೇಕಾದದ್ದೇ.

ಸೆಪ್ಟೆಂಬರಿನಲ್ಲಿ ಮೊದಲ ಹತ್ತು ಪೀಸು ಕೊಂಡುಹೋದೆವು. ಬೆಳಿಗ್ಗೆ ಐದೂವರೆಗೆ ಬಂದರು ದಕ್ಕೆ. ಕಾಲಿಡಲು ಜಾಗ ಇಲ್ಲ, ಎಲ್ಲಿ ನೋಡಿದರೂ ಬಂಗುಡೆ, ಐಸಿನ ನೀರು, ಬುಟ್ಟಿ ಹೊತ್ತವರ ಬೊಬ್ಬೆ. ಒಬ್ಬರು ಸೆನ್ಸರ್ ಕೈಯಲ್ಲಿ ಹಿಡಿದು ನೋಡಿ, "ಎಂತ ಮಾರಾಯ್ರೆ ಇದು, ಟಿವಿಯ ರಿಮೋಟಾ?" ಅಂದರು. ಹದಿನೈದು ದಿನ ಬಿಟ್ಟು ತೆಗೆದು ನೋಡಿದರೆ ಹತ್ತರಲ್ಲಿ ಏಳು ಸತ್ತಿದ್ದವು. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಕಿಲುಬು. ಉಪ್ಪಿನ ಗಾಳಿ. ಇಲ್ಲಿ ಹುಟ್ಟಿ ಬೆಳೆದ ನಮಗೆ ಗೊತ್ತಿರಬೇಕಿತ್ತು, ಮನೆಯ ಕಿಟಕಿ ಸರಳಿಗೇ ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಊರು ಇದು. ಎರಡನೆಯ ಸಲ ಬೋರ್ಡನ್ನೇ ಪೂರ್ತಿ ಎಪಾಕ್ಸಿಯಲ್ಲಿ ಮುಳುಗಿಸಿದೆವು. ಆಗ ವಯರ್ ಒಳಗೆ ಹೋಗುವ ತೂತಿನಿಂದ ನೀರು ಇಳಿಯಿತು. ಮೂರನೆಯ ಸಲಕ್ಕೆ ವಯರೇ ಇಲ್ಲದ ಹಾಗೆ ಮಾಡಿದರು. ಫೆಬ್ರವರಿಯಲ್ಲಿ ಹತ್ತರಲ್ಲಿ ಆರು ಬದುಕಿದವು. ಕುಂದಾಪುರದ ಹುಡುಗ ಆವತ್ತು ಆಫೀಸಿಗೆಲ್ಲಾ ಗೋಳಿಬಜೆ ತರಿಸಿದ.

ಅದೇ ತಿಂಗಳ ಕೊನೆಗೆ ಮೇಲಿಂದ ಮೇಲ್ ಬಂತು. ಪ್ರಾಜೆಕ್ಟ್ ನಿಲ್ಲಿಸಿ, ಈ ವರ್ಷದ ಮಾರ್ಜಿನ್, ಅಂದರೆ ಖರ್ಚು ಕಳೆದು ಉಳಿಯುವ ಲಾಭ, ನೋಡಬೇಕು ಅಂತ.

ಸಮುದ್ರದ ವರ್ಷವೇ ಬೇರೆ, ಕಂಪನಿಯ ವರ್ಷವೇ ಬೇರೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಆಗಸ್ಟಿನಲ್ಲಿ ಕಡಲಿಗೆ ಇಳಿದರೆ ಮೇ ತನಕ. ನಮಗೆ ಇನ್ನೂ ಮೂರು ತಿಂಗಳ ಸೀಸನ್ ಇತ್ತು. ಕಂಪನಿಗೆ ಮಾರ್ಚ್ 31ಕ್ಕೆ ಬಾಗಿಲು ಹಾಕುವ ಅವಸರ. ನಾನು ಫೋನ್ ಮಾಡಿ ಕೇಳಿದೆ. ಸಿಇಒ ಒಳ್ಳೆಯ ಮನುಷ್ಯ. ಸಿಟ್ಟು ಮಾಡಲಿಲ್ಲ. "ಐಡಿಯಾ ಒಳ್ಳೆದುಂಟು, ಮುಂದಿನ ವರ್ಷ ನೋಡುವ" ಅಂದರು. ಮುಂದಿನ ವರ್ಷ ಅವರೇ ಇರಲಿಲ್ಲ. ವಾರ್ಷಿಕ ವರದಿ ಬಂದಾಗ ನೋಡಿದೆ. ಆ ವರ್ಷದ ಮಾರ್ಜಿನ್ ಮುಟ್ಟಿದ್ದಕ್ಕೆ ಬೋನಸ್, ಜೊತೆಗೆ ಕಂಪನಿ ಬಿಟ್ಟು ಹೋಗುವುದಕ್ಕೂ ಒಂದು ಮೊತ್ತ. ಆ ಇಬ್ಬರು ಮಕ್ಕಳ ಅಪ್ರೈಸಲ್‌ನಲ್ಲಿ "ಗುರಿ ಮುಟ್ಟಿಲ್ಲ" ಅಂತ ಬಂತು. ಇಂಕ್ರಿಮೆಂಟ್ ಸೊನ್ನೆ.

ನಾನು ಬೈಯುವುದು ಇದಕ್ಕೆ. ಬಿದ್ದರೆ ಹಾಸಿಗೆ ಬೇಕು, ಸರಿ. ಆದರೆ ಹಾಸಿಗೆ ಹಾಸಿದ್ದು ಹಾರದೇ ಇದ್ದವರಿಗೆ. ಹಾರಿದವರು ಬಿದ್ದದ್ದು ಕಲ್ಲಿನ ಮೇಲೆ.

ಆ ಮನುಷ್ಯನನ್ನು ಮಾತ್ರ ದೂರಿ ಪ್ರಯೋಜನ ಇಲ್ಲ, ಲೆಕ್ಕದ ಪುಸ್ತಕವೇ ಹಾಗೆ ಉಂಟು. ಒಂದು ಕೋಟಿ ಕೊಟ್ಟು ಯಂತ್ರ ತಂದರೆ ಆ ಖರ್ಚನ್ನು ಹತ್ತು ವರ್ಷಕ್ಕೆ ಹಂಚಿ ಬರೆಯಬಹುದು. ಅದೇ ಕೋಟಿಯನ್ನು ಸಂಶೋಧನೆಗೆ ಹಾಕಿದರೆ ಪೂರ್ತಿ ಆ ವರ್ಷದ ಖರ್ಚು. ನಮ್ಮ ಲೆಕ್ಕಪತ್ರ ನಿಯಮ, ಇಂಡ್ ಎಎಸ್ 38, ಹೇಳುವುದೇ ಹಾಗೆ. ವಸ್ತು ತಯಾರಾಗುತ್ತದೆ, ಮಾರಲಿಕ್ಕೆ ಆಗುತ್ತದೆ ಅಂತ ತೋರಿಸಿಕೊಡುವ ಹಂತಕ್ಕೆ ಬಂದ ಮೇಲೆ ಮಾತ್ರ ಅದನ್ನು ಆಸ್ತಿ ಅಂತ ಬರೆಯಲು ಬಿಡುತ್ತದೆ. ಹತ್ತರಲ್ಲಿ ಏಳು ಸಾಯುವ ಹಂತದಲ್ಲಿ ಯಾವ ಆಡಿಟರ್ ಒಪ್ಪುತ್ತಾರೆ? ಹಾಗಾಗಿ ಲಾಭ ಹೆಚ್ಚು ತೋರಿಸಬೇಕಾದರೆ ಮೊದಲು ಕತ್ತರಿ ಬೀಳುವುದು ಇಲ್ಲಿಗೆ. ಯಾರನ್ನೂ ಕೆಲಸದಿಂದ ತೆಗೆಯಬೇಕಿಲ್ಲ, ಯಾವ ಗಿರಾಕಿಯೂ ಜಗಳಕ್ಕೆ ಬರುವುದಿಲ್ಲ. ಇನ್ನೂ ಹುಟ್ಟದ ಮಗುವಿಗೆ ಅಳಲು ಬಾಯಿ ಎಲ್ಲಿಂದ ಬರಬೇಕು?

2005ರಲ್ಲಿ ಪ್ರಕಟವಾದ ಒಂದು ಅಮೆರಿಕದ ಸಮೀಕ್ಷೆಯಲ್ಲಿ 400ಕ್ಕೂ ಹೆಚ್ಚು ಹಣಕಾಸು ಮುಖ್ಯಸ್ಥರನ್ನು ಇದನ್ನೇ ನೇರ ಕೇಳಿದ್ದರು. ತ್ರೈಮಾಸಿಕದ ಗುರಿ ತಪ್ಪುವ ಹಾಗಿದ್ದರೆ ಏನು ಮಾಡುತ್ತೀರಿ ಅಂತ. ಸಂಶೋಧನೆ, ಜಾಹೀರಾತು, ರಿಪೇರಿ, ಇಂಥ ಖರ್ಚು ಕಡಿತ ಮಾಡುತ್ತೇವೆ ಅಂತ 80 ಶೇಕಡಾ ಮಂದಿ ಒಪ್ಪಿಕೊಂಡರು. ಹೆಸರು ಹೊರಗೆ ಬರುವುದಿಲ್ಲ ಅಂದರೆ ಜನ ಎಷ್ಟು ಚಂದ ಸತ್ಯ ಹೇಳುತ್ತಾರೆ!

ಷೇರು ಕೊಟ್ಟರೆ ಸರಿಹೋಗುತ್ತದೆ ಅನ್ನುವವರು ಇದ್ದಾರೆ. ಷೇರು ಇದ್ದರೆ ದೊಡ್ಡವರು ಹತ್ತು ವರ್ಷ ಮುಂದಕ್ಕೆ ನೋಡುತ್ತಾರಂತೆ. ಸ್ವಲ್ಪ ನಿಜ. ಆದರೆ ಷೇರು ಕೈಗೆ ಬರುವ ದಿನ ಅಂತ ಒಂದು ಇರುತ್ತದಲ್ಲ. ಅಲೆಕ್ಸ್ ಎಡ್ಮನ್ಸ್ ಮತ್ತು ಅವರ ಜೊತೆಯವರು ಅಮೆರಿಕದ ಕಂಪನಿಗಳ ಲೆಕ್ಕ ಜಾಲಾಡಿ 2017ರಲ್ಲಿ ತೋರಿಸಿದ್ದು ಇದನ್ನೇ. ಸಿಇಒನ ಷೇರು ಯಾವ ತ್ರೈಮಾಸಿಕದಲ್ಲಿ ವೆಸ್ಟ್ ಆಗುತ್ತದೋ, ಅಂದರೆ ಕೈಗೆ ಬರುತ್ತದೋ, ಅದೇ ತ್ರೈಮಾಸಿಕದಲ್ಲಿ ಸಂಶೋಧನೆಯ ಖರ್ಚಿನ ಏರಿಕೆ ತಗ್ಗುತ್ತದೆ. ನಮ್ಮಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಇಂಥ ಷೇರು ಕೈಗೆ ಬರಲು ಕನಿಷ್ಠ ಒಂದು ವರ್ಷ ಕಾಯಬೇಕು. ಒಂದು ವರ್ಷ! ನಮ್ಮ ಪಿನ್ನಿನ ಕಿಲುಬು ತೆಗೆಯಲಿಕ್ಕೇ ಆರು ತಿಂಗಳು ಹೋಗಿತ್ತು.

ಅದೇ ಷೇರು ಕೆಳಗಿನವರಿಗೆ ಸಿಕ್ಕಿದರೆ ಕತೆ ಬೇರೆ. ದೊಡ್ಡವರನ್ನು ಬಿಟ್ಟು ಸಾಮಾನ್ಯ ನೌಕರರಿಗೆ ಸ್ಟಾಕ್ ಆಪ್ಷನ್, ಅಂದರೆ ಗೊತ್ತು ಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, ಕೊಟ್ಟ ಕಂಪನಿಗಳಲ್ಲಿ ಹೊಸ ಆವಿಷ್ಕಾರ ಜಾಸ್ತಿ, ಆಪ್ಷನ್ನಿನ ಅವಧಿ ಉದ್ದ ಇದ್ದಲ್ಲಿ ಇನ್ನೂ ಜಾಸ್ತಿ ಅಂತ 2015ರ ಒಂದು ಅಧ್ಯಯನ ಹೇಳಿದೆ. ಇನ್ಫೋಸಿಸ್ 1994ರಲ್ಲೇ ನೌಕರರಿಗೆ ಷೇರು ಕೊಡಲು ಶುರು ಮಾಡಿದಾಗ ಈ ದೇಶದಲ್ಲಿ ಅದು ಹೊಸ ಮಾತು. ನಮ್ಮ ಕಡೆ ಮದುವೆಮನೆಯಲ್ಲಿ ಇವತ್ತಿಗೂ "ಅವನಿಗೆ ಆಗಿನ ಷೇರು ಉಂಟು" ಅಂದರೆ ಸಾಕು, ಹುಡುಗನ ಜಾತಕ ಆಮೇಲೆ ನೋಡುತ್ತಾರೆ.

ಕೆಳಗಿನವರಿಗೆ ಏನೂ ಸಿಗದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ನೆನಪಾಗುವುದು ಶುಜಿ ನಕಮುರ. ಜಪಾನಿನ ಟೊಕುಶಿಮ ಕಡೆಯ ನಿಚಿಯಾ ಎಂಬ ಕಂಪನಿಯಲ್ಲಿದ್ದ ಇಂಜಿನಿಯರ್. ದೊಡ್ಡ ದೊಡ್ಡ ಕಂಪನಿಗಳು ಕೈಬಿಟ್ಟಿದ್ದ ನೀಲಿ ಎಲ್‌ಇಡಿಯ ಹಿಂದೆ ಬಿದ್ದ. ಕಂಪನಿಯ ಸ್ಥಾಪಕರು ನಂಬಿ ದುಡ್ಡು ಕೊಟ್ಟರು. ಅವರ ನಂತರ ಬಂದವರು ನಿಲ್ಲಿಸು ಅಂದರು, ಈತ ಕೇಳದವನ ಹಾಗೆ ಕೆಲಸ ಮುಂದುವರಿಸಿದ. 1993ರಲ್ಲಿ ಪ್ರಖರ ನೀಲಿ ಬೆಳಕು ಬಂತು. ಇವತ್ತು ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬು, ಎಷ್ಟೋ ಮೊಬೈಲಿನ ಪರದೆ, ಎಲ್ಲದರ ಹಿಂದೆ ಆ ನೀಲಿ ಉಂಟು. ಕಂಪನಿ ಅವನ ಕೈಗೆ ಕೊಟ್ಟದ್ದು 20 ಸಾವಿರ ಯೆನ್, ಅಂದರೆ 200 ಡಾಲರೂ ಇಲ್ಲ. ಆತ ಅಮೆರಿಕಕ್ಕೆ ಹೋದ, ಕೇಸು ಹಾಕಿದ. 2004ರಲ್ಲಿ ಟೋಕಿಯೋದ ನ್ಯಾಯಾಲಯ 2,000 ಕೋಟಿ ಯೆನ್ ಕೊಡಿ ಅಂದಿತು. ಅಪೀಲು ಆಗಿ ಮರುವರ್ಷ ಸುಮಾರು 84 ಕೋಟಿ ಯೆನ್ನಿಗೆ ರಾಜಿ. 2014ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನನಗೆ ಇದರಲ್ಲಿ ಕಾಡುವುದು ಕೋರ್ಟಿನ ಮೊತ್ತವಲ್ಲ, ಆ ಸ್ಥಾಪಕರು. ಅವರಿಗೆ ಯಾವ ಬೋನಸ್ಸಿನ ಟೇಬಲ್ಲೂ ಇರಲಿಲ್ಲ. ಅಂಗಡಿ ಅವರದ್ದೇ, ಕಾಯಬಹುದಿತ್ತು.

ಇನ್ನೊಬ್ಬರು ಜಪಾನಿನವರೇ. ವಿಡಿಯೋ ಗೇಮ್ ಕಂಪನಿ ನಿಂಟೆಂಡೊದ ಮುಖ್ಯಸ್ಥರಾಗಿದ್ದ ಸತೋರು ಇವಾಟ. 2011ರಲ್ಲಿ ಹೊಸ ಆಟದ ಯಂತ್ರ ಹೋಗದೆ ಬೆಲೆ ಇಳಿಸಬೇಕಾಗಿ ಬಂದಾಗ ತನ್ನ ಸಂಬಳ ಅರ್ಧ ಮಾಡಿಕೊಂಡರು. 2014ರಲ್ಲಿ ವೀ ಯು ಎಂಬ ಇನ್ನೊಂದು ಯಂತ್ರ ಮಕಾಡೆ ಮಲಗಿದಾಗ ಪುನಃ ಕೆಲವು ತಿಂಗಳು ಅರ್ಧ ಮಾಡಿದರು. ಕೆಲಸ ಹೋಗುವ ಹೆದರಿಕೆಯಲ್ಲಿರುವವರು ಜನ ಮೆಚ್ಚುವ ಆಟ ಮಾಡಲಾರರು ಅನ್ನುವ ಅರ್ಥದ ಮಾತು ಅವರದ್ದು. ಅವರು 2015ರಲ್ಲಿ ತೀರಿಹೋದರು. 2017ರಲ್ಲಿ ಬಂದ ಅವರ ಕಂಪನಿಯ ಸ್ವಿಚ್ ಯಂತ್ರ ಕೋಟಿಗಟ್ಟಲೆ ಹೋಯಿತು. ಸಂಬಳ ಅರ್ಧ ಮಾಡಿದ್ದರಿಂದಲೇ ಸ್ವಿಚ್ ಬಂತು ಅಂತ ನಾನು ಹೇಳುವುದಿಲ್ಲ, ಅಷ್ಟು ಸುಲಭ ಇಲ್ಲ ಅದು. ಆದರೆ ಹರಿದ ಎಲೆಯ ಖರ್ಚನ್ನು ಅಲ್ಲಿ ಮೇಲಿನವರು ತಮ್ಮ ತಲೆಗೆ ಹಾಕಿಕೊಂಡರು.

ಇಷ್ಟೆಲ್ಲಾ ಬರೆದ ಮೇಲೆ ನನ್ನದೂ ಒಂದು ಹೇಳಬೇಕು. ಹೇಳದಿದ್ದರೆ ಕಳ್ಳತನ ಆಗುತ್ತದೆ.

ಆ ಕಂಪನಿ ಬಿಟ್ಟು ಈಗ ಬೇರೆ ಕಡೆ ಇದ್ದೇನೆ. ಎಂಟು ಜನರ ತಂಡ ನನ್ನ ಕೆಳಗೆ. ನನ್ನ ಸಂಬಳದ ಐದರಲ್ಲಿ ಒಂದು ಪಾಲು ವರ್ಷದ ಕೊನೆಯ ಗುರಿಯ ಮೇಲೆ ನಿಂತಿದೆ. ಈ ವರ್ಷ ಫೆಬ್ರವರಿಯಲ್ಲಿ ಪುತ್ತೂರಿನ ಹುಡುಗಿಯೊಬ್ಬಳು ಅಡಿಕೆ ಒಣಗಿಸುವ ಅಂಗಳದಲ್ಲಿ ತೇವ ಅಳೆಯುವ ಒಂದು ಪ್ರಯೋಗ ಮಾಡುತ್ತಿದ್ದಳು. ನಾಲ್ಕು ತಿಂಗಳಾಗಿತ್ತು, ಅಳತೆ ಸರಿ ಬರುತ್ತಿರಲಿಲ್ಲ. ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಒಂದು ಲೆಕ್ಕ. ನಾನು ಅವಳನ್ನು ಕರೆದು, "ಸದ್ಯಕ್ಕೆ ಇದನ್ನು ಬದಿಗಿಡು. ಗಿರಾಕಿಯ ಕೆಲಸ ಉಂಟು, ಮಾರ್ಚ್ ಕಳೆಯಲಿ, ಆಮೇಲೆ ನೋಡುವ" ಅಂದೆ. ಅವಳು "ಸರಿ ಮೇಡಂ" ಅಂದಳು. ಕ್ಯಾಬಿನ್ ಬಾಗಿಲು ಹಾಕಿಕೊಂಡ ಮೇಲೆ ನನಗೆ ನನ್ನದೇ ಸ್ವರ ಕೇಳಿಸಿತು. ಅದೇ ಮಾತು. "ನೋಡುವ" ಕೂಡಾ ಅದೇ. ಏಪ್ರಿಲ್‌ನಲ್ಲಿ ನನ್ನ ಬೋನಸ್ ಪೂರ್ತಿ ಬಂತು. ಅದರಲ್ಲಿ ಫ್ರಿಡ್ಜ್ ತೆಗೆದುಕೊಂಡೆ. ಪ್ರತಿ ಸಲ ಬಾಗಿಲು ತೆಗೆಯುವಾಗ ಅಡಿಕೆ ನೆನಪಾಗುತ್ತದೆ.

ಮೇ ತಿಂಗಳಲ್ಲಿ ಹೊಸ ವರ್ಷದ ಗುರಿಯ ಫಾರಂ ತುಂಬಿಸುವಾಗ ಅವಳಿಗೂ ಇನ್ನೊಬ್ಬನಿಗೂ ಬೇರೆ ಥರ ಮಾಡಲು ಹೊರಟೆ. 18 ತಿಂಗಳ ಅವಧಿ, ಮೊದಲ 12 ತಿಂಗಳಿಗೆ ಅಂಕ ಇಲ್ಲ, ಕೊನೆಯ 6 ತಿಂಗಳು ಮಾತ್ರ ಲೆಕ್ಕಕ್ಕೆ. ಶರಬತ್ತಿನ ಅಂಗಡಿಯ ಮೂರನೆಯ ಗುಂಪು. ಎಚ್‌ಆರ್‌ನವರು ಫೋನ್ ಮಾಡಿದರು. "ಮೇಡಂ, ಸಿಸ್ಟಂ 12 ತಿಂಗಳಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಅಂಕದ ಜಾಗ ಖಾಲಿ ಬಿಡಲಿಕ್ಕೂ ಆಗುವುದಿಲ್ಲ." ಮತ್ತೆ ಎಂತ ಮಾಡುವುದು ಅಂದೆ. "ಸುಮ್ನೆ ಮೂರು ಅಂತ ಹಾಕಿ ಮೇಡಂ, ಎಲ್ಲರೂ ಹಾಗೇ ಮಾಡುವುದು." ಇಬ್ಬರಿಗೂ ಮೂರು ಹಾಕಿದೆ. ಕೆಳಗೆ ಷರಾ ಬರೆಯುವ ಜಾಗದಲ್ಲಿ 18 ತಿಂಗಳ ಕತೆ ಪೂರ್ತಿ ಬರೆದೆ. ಯಾರು ಓದುತ್ತಾರೋ!

ಭಾನುವಾರ ಮಳೆ ನಿಲ್ಲುವ ಹೊತ್ತಿಗೆ ಇದನ್ನೆಲ್ಲಾ ಅಮ್ಮನಿಗೆ ಹೇಳಿದೆ. ಅಡಿಕೆ, ಫಾರಂ, ಮೂರು, ಎಲ್ಲಾ. ಅವರು ಬೀಜದ ಪಾತ್ರೆ ಎತ್ತಿಕೊಂಡು ಎದ್ದರು. ಒಳಗೆ ಹೋಗುವಾಗ ತಿರುಗಿ ಕೇಳಿದರು.

"ಆ ಹುಡುಗಿ ಒಂದು ವರ್ಷ ಎಲೆ ಹರಿಯುತ್ತಾಳಲ್ಲ, ಅದು ಯಾರ ಲೆಕ್ಕಕ್ಕೆ?"

ಅದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಅಂಕ ಬಿಟ್ಟುಕೊಟ್ಟಿದ್ದೆ, ಸಾಮಾನಿನ ಖರ್ಚು ಇನ್ನೂ ನನ್ನ ತಂಡದ ಮಾರ್ಜಿನ್‌ನಿಂದಲೇ ಹೋಗುವುದು. ಅಂದರೆ ಬರುವ ಫೆಬ್ರವರಿಯಲ್ಲಿ ನಾನು ಪುನಃ ಅವಳನ್ನು ಕ್ಯಾಬಿನ್ನಿಗೆ ಕರೆಯುವುದು ಹೆಚ್ಚುಕಡಿಮೆ ಖಂಡಿತ. ಸೋಮವಾರ ಬೆಳಿಗ್ಗೆ ಫೈನಾನ್ಸಿನವರಿಗೆ ಮೇಲ್ ಹಾಕಿದೆ, ಇದರ ಖರ್ಚು ಬರೆಯಲು ಲೆಕ್ಕದಲ್ಲಿ ಒಂದು ಬೇರೆ ಹೆಡ್ ತೆರೆದುಕೊಡಿ ಅಂತ. ಹೆಡ್ಡಿನ ಹೆಸರು ಏನಿಡಬೇಕು ಅಂತ ತಿರುಗಿ ಕೇಳಿದ್ದಾರೆ. ಬುಧವಾರ ಮೀಟಿಂಗ್ ಉಂಟು.